ತೂಬಿನ ಕೆಳಗಿನ ಗದ್ದೆಗಳಿಗೆ ಕಾನೂನಿನ ಕಾವಲು ಕೊಡಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಭದ್ರಾ ಅಚ್ಚುಕಟ್ಟಿನ (ನಾಲೆ ನೀರು ಹರಿಯುವ ಪ್ರದೇಶದ) ಭತ್ತದ ಗದ್ದೆಗಳು ಲೇಔಟ್ ಆಗುವುದನ್ನು ತಡೆಯಲು ಪ್ರತ್ಯೇಕ ಕಾನೂನು ತರುವ ಕುರಿತು.

ಮಾನ್ಯರೇ,

ನಾನು ದಾವಣಗೆರೆ ತಾಲ್ಲೂಕಿನ ರೈತ. ಭದ್ರಾ ಬಲದಂಡೆ ನಾಲೆಯ ಕೊನೆ ಭಾಗದಲ್ಲಿ ನಮ್ಮ ಗದ್ದೆ ಇದೆ. ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೆ: ಇದೇ ವಿಷಯದ ನಮ್ಮ ಅರ್ಜಿಗಳು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗಿ ಅಲ್ಲೇ ಕೂತಿವೆ. ದಯವಿಟ್ಟು ಇದನ್ನು ಯಾವುದೋ ಒಂದು ಊರಿನ ತಕರಾರು ಎಂದು ಬದಿಗಿಡಬೇಡಿ. ನೀರಾವರಿ ಇರುವ ಕಡೆ, ಊರು ಬೆಳೆಯುತ್ತಿರುವ ಕಡೆ ಎಲ್ಲ ಇದೇ ಕಥೆ. ಹರಿಹರದ ಕಡೆಯ ರೈತರನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ಆಗಿದ್ದೇನು ಎಂದು ಮೊದಲು ಹೇಳುತ್ತೇನೆ. ನಮ್ಮ ತೂಬಿನಿಂದ, ಅಂದರೆ ನಾಲೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಯಿಂದ, ಹೊರಟ ನೀರು ಹೊಲಗಾಲುವೆಯಲ್ಲಿ ಮೊದಲು ಮೇಲಿನ ಗದ್ದೆಗಳಿಗೆ ಹೋಗುತ್ತದೆ. ಆಮೇಲೆ ನಡುವಿನವರಿಗೆ. ಕೊನೆಗೆ ನಮಗೆ. ಮೇಲಿನ ಕೆಲವು ಎಕರೆ ರಸ್ತೆಗೆ ಹತ್ತಿರ. ಕೆಲವು ವರ್ಷಗಳ ಹಿಂದೆ ಅವು ಕೈ ಬದಲಾದವು. ಕೊಂಡವರು ನಮ್ಮೂರಿನವರಲ್ಲ. ಸ್ವಲ್ಪ ಕಾಲ ಜಮೀನು ಬೀಳು ಬಿದ್ದಿತ್ತು. ಆಮೇಲೆ ಗರಸು ತುಂಬಿದ ಟಿಪ್ಪರ್‌ಗಳು ಬಂದವು. ಗದ್ದೆಗಿಂತ ಆಳೆತ್ತರಕ್ಕೆ ಹೊಡೆಸಿದರು. ಹೊಲಗಾಲುವೆ ಇದ್ದ ಜಾಗದಲ್ಲಿ ಒಂದು ಸಿಮೆಂಟ್ ಪೈಪ್ ಹೂತು ಮೇಲೆ ರಸ್ತೆ ಮಾಡಿದರು. ನಾಟಿ ಕಾಲದ ನೀರಿಗೆ ಆ ಪೈಪ್ ಸಾಲುವುದಿಲ್ಲ. ಹೂಳು ತುಂಬಿದರೆ ತೆಗೆಯುವುದಕ್ಕೂ ಆಗುವುದಿಲ್ಲ. ಹೆಚ್ಚಾದ ನೀರು ಹೊರಗೆ ಹರಿಯುವ ಬಸಿಗಾಲುವೆಯನ್ನಂತೂ ಮುಚ್ಚಿಯೇ ಬಿಟ್ಟರು. ಈಗ ಬೇಸಿಗೆ ಬೆಳೆಗೆ ನಮಗೆ ನೀರು ಬರುವುದಿಲ್ಲ. ಮಳೆಗಾಲದಲ್ಲಿ ಬಂದ ನೀರು ಹೊರಗೆ ಹೋಗುವುದಿಲ್ಲ.

ಕೇಳಲು ಹೋದೆವು. ಒಂದು ಕಚೇರಿಯಲ್ಲಿ "ಅಲಿನೇಷನ್ (ಭೂಪರಿವರ್ತನೆ) ಆಗಿದೆ, ದಾಖಲೆ ಎಲ್ಲ ಸರಿ ಇದೆ, ಅದು ಖಾಸಗಿ ಜಾಗ" ಎಂದರು. ಇನ್ನೊಂದು ಕಚೇರಿಯಲ್ಲಿ "ತೂಬಿನ ತನಕ ನಮ್ಮದು, ಅದರಿಂದ ಕೆಳಗೆ ರೈತರೇ ನೋಡಿಕೊಳ್ಳಬೇಕು" ಎಂದರು. ಸೌಡಿಗೆ ಕೇಳಿದರೆ ಅವನು ಪಾಪ ಏನು ಮಾಡಿಯಾನು? ಗೇಟು ಎತ್ತುವುದು ಇಳಿಸುವುದು ಅವನ ಕೆಲಸ. ಕಾಲುವೆಗೆ ಅಡ್ಡಿ ಮಾಡುವುದು ಅಪರಾಧ ಎಂದು 1965ರ ಕರ್ನಾಟಕ ನೀರಾವರಿ ಕಾಯ್ದೆ ಹೇಳುತ್ತದೆ, ನಮಗೆ ಗೊತ್ತು. ಆದರೆ ಒಂದು ಎಕರೆ, ಎರಡು ಎಕರೆ ಇರುವವರು ನಾಟಿ ಬಿಟ್ಟು ಕೋರ್ಟಿಗೆ ಅಲೆಯಬೇಕಾ?

ಇಷ್ಟರ ನಡುವೆ ಬ್ರೋಕರ್‌ಗಳು ಬರುತ್ತಾರೆ. "ಗೌಡ್ರೆ, ಹೆಂಗೂ ನೀರು ಬರಲ್ಲ. ಸುಮ್ನೆ ಯಾಕೆ ಒದ್ದಾಡ್ತೀರಿ? ಈಗ ಕೊಟ್ರೆ ಒಳ್ಳೆ ರೇಟು" ಅನ್ನುತ್ತಾರೆ. ನಮ್ಮ ಪಕ್ಕದ ಗದ್ದೆಯವರು ಹಾಗೇ ಕೊಟ್ಟರು. ಅವರದು ತಪ್ಪು ಎಂದು ನಾನು ಹೇಳಲಾರೆ. ನೀರು ನಿಂತ ಗದ್ದೆಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಆದರೆ ಅವರು ಕೊಟ್ಟ ಮೇಲೆ ಇನ್ನೊಂದಿಷ್ಟು ಹೊಲಗಾಲುವೆ ಹೋಯಿತು.

ಮಾನ್ಯರೇ, ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಕಾನೂನಿಗೆ ಕಾಣುವುದು ಒಂದೊಂದೇ ಸರ್ವೆ ನಂಬರ್. ನೀರಾವರಿ ಗದ್ದೆ ಸರ್ವೆ ನಂಬರಿನ ಪ್ರಕಾರ ಬದುಕುವುದಿಲ್ಲ. ತೂಬು, ಹೊಲಗಾಲುವೆ, ಬಸಿಗಾಲುವೆ, ಬದು ಎಲ್ಲ ಸೇರಿ ಒಂದು ಬಯಲು. ಮೇಲೆ ಒಬ್ಬರ ಜಮೀನು ಪರಿವರ್ತನೆ ಆದರೆ ಕೆಳಗೆ ಹತ್ತು ಜನರ ಜಮೀನು ಅರ್ಧ ಪರಿವರ್ತನೆ ಆದ ಹಾಗೆ. ಆ ಹತ್ತು ಜನರನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧ ಎನಿಸಿದರೆ ಅನುಮತಿ ನಿರಾಕರಿಸಬಹುದು ಎಂದೂ ಅದೇ ಕಲಂನಲ್ಲಿ ಇದೆ. ಆದರೆ ಎರಡು ಬೆಳೆ ಬೆಳೆಯುವ ಗದ್ದೆಯನ್ನು ಉಳಿಸುವುದು ಸಾರ್ವಜನಿಕ ಹಿತವೋ ಅಲ್ಲವೋ? ಅದನ್ನು ಎಲ್ಲೂ ಬಿಡಿಸಿ ಬರೆದಿಲ್ಲ. ಅಧಿಕಾರಿಗಳು ನೋಡುವುದು ಪಹಣಿ, ಮ್ಯುಟೇಶನ್, ನಕ್ಷೆ, ಶುಲ್ಕ. ಈಗ ಅರ್ಜಿದಾರರ ಅಫಿಡವಿಟ್ ಮೇಲೆ ಆನ್‌ಲೈನ್‌ನಲ್ಲೇ ಅರ್ಜಿ ಓಡುತ್ತದೆ. ನಿಗದಿತ ಅವಧಿಯೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದ ಹಾಗೆಯೇ ಲೆಕ್ಕ. ಲಂಚ ಕಡಿಮೆಯಾಗಲಿ, ಅಲೆದಾಟ ತಪ್ಪಲಿ ಎಂದು ಈ ವ್ಯವಸ್ಥೆ ಮಾಡಿರಬಹುದು, ಒಪ್ಪುತ್ತೇನೆ. ಆದರೆ ಕೆಳಗಿನ ಗದ್ದೆಯವನಿಗೆ ವಿಷಯ ಗೊತ್ತಾಗುವುದು ಟಿಪ್ಪರ್ ಬಂದಾಗ.

ಹಿಂದೆ ಇನ್ನೊಂದು ಬೇಲಿ ಇತ್ತು. 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು. ರೈತರಲ್ಲದವರು, ಬೇರೆ ಕಡೆಯಿಂದ ದೊಡ್ಡ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವುದಕ್ಕೆ ಅವು ತಡೆಯಾಗಿದ್ದವು. ಆ ಬೇಲಿಯಲ್ಲಿ ಸಾಕಷ್ಟು ಕಂಡಿಗಳಿದ್ದವು, ನಿಜ. ತಾಲ್ಲೂಕು ಕಚೇರಿ ಸುತ್ತ ಅವನ್ನು ತೋರಿಸಿಯೇ ದುಡ್ಡು ಮಾಡಿದವರೂ ಇದ್ದರು. ಆದರೆ 2020ರಲ್ಲಿ ಕಂಡಿ ಮುಚ್ಚುವ ಬದಲು ಬೇಲಿಯನ್ನೇ ಕಿತ್ತು ಹಾಕಿದರು. ಆಗ ವಿರೋಧ ಪಕ್ಷದಲ್ಲಿದ್ದ ತಮ್ಮ ಪಕ್ಷ ಅದನ್ನು ಬಲವಾಗಿ ವಿರೋಧಿಸಿತ್ತು. ತಮಗೆ ಅದನ್ನು ನೆನಪಿಸುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ. ಅದೇ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿದಾರರಾಗಿದ್ದ ಎಷ್ಟೋ ಮನೆಗಳು ಭೂಮಿಯ ಒಡೆಯರಾದವು. ಉಳುವವನೇ ಒಡೆಯ ಎಂದು ಹೇಳಿದ ರಾಜ್ಯದಲ್ಲಿ ಈಗ ಉಳದೇ ಇರುವವನು ಒಡೆಯನಾಗುವುದು ಎಲ್ಲಕ್ಕಿಂತ ಸಲೀಸು.

ಕೇಂದ್ರದ ಕಾನೂನು ಇದೆಯಲ್ಲ ಎಂದು ಯಾರಾದರೂ ತಮಗೆ ಹೇಳಬಹುದು. ಹೌದು, 2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಂ ಆಹಾರ ಭದ್ರತೆಗಾಗಿಯೇ ಇದೆ. ನೀರಾವರಿ ಇರುವ, ಒಂದಕ್ಕಿಂತ ಹೆಚ್ಚು ಬೆಳೆ ಬೆಳೆಯುವ ಭೂಮಿಯನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಸ್ವಾಧೀನ ಮಾಡಬೇಕು. ಮಾಡಿದರೆ ಅಷ್ಟೇ ವಿಸ್ತೀರ್ಣದ ಬೀಳು ಭೂಮಿಯನ್ನು ಸಾಗುವಳಿಗೆ ತರಬೇಕು, ಇಲ್ಲವೇ ಅದರ ಬೆಲೆಯಷ್ಟು ಹಣವನ್ನು ಕೃಷಿಗೆ ಹಾಕಬೇಕು. ಒಳ್ಳೆಯ ಮಾತು. ಆದರೆ ಇದು ಸರ್ಕಾರ ಸ್ವಾಧೀನ ಮಾಡಿಕೊಳ್ಳುವಾಗಿನ ಮಾತು. ನಮ್ಮ ತೂಬಿನ ಕೆಳಗೆ ಸರ್ಕಾರ ಏನೂ ಸ್ವಾಧೀನ ಮಾಡಿಲ್ಲ. ಕೊಂಡರು, ಪರಿವರ್ತನೆ ಮಾಡಿಸಿದರು, ಸೈಟು ಮಾಡಿದರು. ಅಲ್ಲಿ 10ನೇ ಕಲಂ ಬಾಗಿಲಲ್ಲೇ ನಿಲ್ಲುತ್ತದೆ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವುದಕ್ಕೆ ರಾಜ್ಯದ್ದೇ 1966ರ ಬೇರೆ ಕಾಯ್ದೆ ಇದೆ. ಅದರಡಿ ಸ್ವಾಧೀನಕ್ಕೆ ಹೊರಟಿದ್ದ ದೇವನಹಳ್ಳಿ ತಾಲ್ಲೂಕಿನ 1,777 ಎಕರೆ ಉಳಿದದ್ದು ಯಾವ ಕಲಂನಿಂದಲೂ ಅಲ್ಲ. 13 ಹಳ್ಳಿಗಳ ಜನ ವರ್ಷಗಟ್ಟಲೆ ಕೂತು ಹೋರಾಡಿದ್ದರಿಂದ. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಆ ಸ್ವಾಧೀನ ಕೈಬಿಟ್ಟಾಗ ನಮ್ಮೂರಲ್ಲೂ ಸಿಹಿ ಹಂಚಿದರು. ಆದರೆ ಒಂದೊಂದು ಬಯಲು ಉಳಿಸುವುದಕ್ಕೂ ಅಷ್ಟು ವರ್ಷ ಧರಣಿ ಕೂರುವುದು ಆಗುವ ಮಾತಾ?

ಈಗ ಅಕ್ಕಿಯ ಲೆಕ್ಕಕ್ಕೆ ಬರುತ್ತೇನೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಬೇಕಾಯಿತು. ಕೇಂದ್ರದ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತ್ತು. ತಮ್ಮ ಸರ್ಕಾರ ತೆಲಂಗಾಣ, ಛತ್ತೀಸಗಡ ಎಂದು ಹುಡುಕಾಡಿತು. ಸಿಗಲಿಲ್ಲ. ಕೊನೆಗೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಜನರ ಖಾತೆಗೆ ದುಡ್ಡು ಹಾಕಬೇಕಾಯಿತು. ಖಜಾನೆಯಲ್ಲಿ ಹಣ ಇದೆ, ಅಕ್ಕಿ ಇಲ್ಲ. ಅಂಥ ದಿನವನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ.

ನಮ್ಮ ಕಡೆ ನೀರು ಸರಿಯಾಗಿ ಸಿಕ್ಕರೆ ಎಕರೆಗೆ ಒಂದು ಬೆಳೆಗೆ 20 ಕ್ವಿಂಟಲ್ ಭತ್ತಕ್ಕೆ ಮೋಸವಿಲ್ಲ. ಎರಡು ಬೆಳೆಗೆ 40 ಕ್ವಿಂಟಲ್. ಮಿಲ್ಲಿನಲ್ಲಿ ನೂರಕ್ಕೆ 67ರಂತೆ ಅಕ್ಕಿ ಹಿಡಿದರೆ ಸುಮಾರು 2,680 ಕೆಜಿ. ತಿಂಗಳಿಗೆ ತಲಾ 10 ಕೆಜಿ ಎಂದರೆ ವರ್ಷಕ್ಕೆ 120 ಕೆಜಿ. ಅಂದರೆ ಒಂದು ಎಕರೆ 22 ಜನರ ಪಡಿತರ. ಹತ್ತು ಎಕರೆ ಲೇಔಟ್ ಆದರೆ 220 ಜನರ ಪಡಿತರ ಹೋಯಿತು. ಈ ವರ್ಷ ಮಾತ್ರವಲ್ಲ, ಮುಂದೆಂದೂ ಅದು ಬರುವುದಿಲ್ಲ. ಆ ಹತ್ತು ಎಕರೆಯಲ್ಲಿ ಮನೆಯಾದರೂ ಎದ್ದಿವೆಯಾ ಎಂದರೆ ಅದೂ ಇಲ್ಲ. ಕಲ್ಲು ನೆಟ್ಟಿದ್ದಾರೆ, ನಡುವೆ ಪಾರ್ಥೇನಿಯಂ ಬೆಳೆದಿದೆ. ಸೈಟು ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ. ಮಂಡಕ್ಕಿ, ಬೆಣ್ಣೆದೋಸೆ ಎಂದು ಹೆಸರು ಮಾಡಿದ ಊರು ನಮ್ಮದು. ಎರಡಕ್ಕೂ ಅಕ್ಕಿ ಬೇಕು ಅಲ್ವಾ?

ಇನ್ನೊಂದು ಕಡೆ ನೋಡಿ. ಭದ್ರಾ ಮೇಲ್ದಂಡೆ ಯೋಜನೆಯಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡಬೇಕೆಂದು ಸರ್ಕಾರ ಸಾವಿರಾರು ಕೋಟಿ ಸುರಿಯುತ್ತಿದೆ. ಕೇಂದ್ರ 2023ರ ಬಜೆಟ್‌ನಲ್ಲಿ ಹೇಳಿದ 5,300 ಕೋಟಿಗಾಗಿ ರಾಜ್ಯ ಬಡಿದಾಡುತ್ತಿದೆ. ಜಗಳೂರಿನಲ್ಲಿ 57 ಕೆರೆ ತುಂಬಿಸಲು ತುಂಗಭದ್ರೆಯಿಂದ ನೀರು ಎತ್ತುತ್ತಾರೆ. ಬೇಕು, ಖಂಡಿತ ಬೇಕು. ಬರದ ಸೀಮೆಯ ನಮ್ಮ ನೆಂಟರು ಪಟ್ಟ ಕಷ್ಟ ನಮಗೆ ಗೊತ್ತು. ಆದರೆ ಒಣ ಭೂಮಿಗೆ ಇಷ್ಟು ಖರ್ಚು ಮಾಡಿ ನೀರು ಒಯ್ಯುವ ಸರ್ಕಾರವೇ, ಆಗಲೇ ನಾಲೆ ಇರುವ ಗದ್ದೆಯ ಮೇಲೆ ಗರಸು ಹೊಡೆಯಲು ಅನುಮತಿ ಕೊಡುತ್ತದೆ. ನಾಳೆ ಹಿರಿಯೂರು, ಹೊಸದುರ್ಗದ ಹೊಲಗಳಿಗೆ ನೀರು ಬಂದ ಮೇಲೆ ಅಲ್ಲಿಯೂ ರಸ್ತೆ ಪಕ್ಕದ ಜಮೀನು ಯಾರ ಕೈಗೆ ಹೋಗುತ್ತದೆ ಎಂದು ಈಗಲೇ ಯೋಚಿಸಬೇಕು.

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದ್ದು ಒಂದು ಲಕ್ಷ ಹೆಕ್ಟೇರಿಗೂ ಜಾಸ್ತಿ ಭೂಮಿಗೆ ನೀರುಣಿಸಲು. ಅದಕ್ಕಾಗಿ ಅಲ್ಲಿ ಊರುಗಳು ಮುಳುಗಿದವು. ಜನ ಗದ್ದೆ ಮನೆ ಬಿಟ್ಟು ಎದ್ದು ಹೋದರು. ಆ ನೀರು ಬಂದಿದ್ದರಿಂದಲೇ ನಮ್ಮ ಜಮೀನಿಗೆ ಬೆಲೆ ಬಂತು. ಅಂಥ ಜಮೀನನ್ನು ಪೂರ್ತಿ ಖಾಸಗಿ ಎಂದು ಹೇಳುವಾಗ ನನಗೇ ನಾಲಿಗೆ ತಡೆಯುತ್ತದೆ.

ರೈತರೇ ಮಾರುತ್ತಿದ್ದಾರೆ, ಅವರಿಗೇ ಬೇಡವಾದ ಗದ್ದೆಯನ್ನು ಕಾನೂನು ಏಕೆ ಉಳಿಸಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಕಾನೂನು ತಂದರೆ ಮೊದಲು ವಿರೋಧಿಸುವವರು ನಾವೇ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಒಂದು ಬೆಳೆಗೆ ಎಕರೆಗೆ 47,000 ಚಿಲ್ಲರೆ ಆಯಿತು. ಅದರಲ್ಲಿ ಉಳುಮೆ, ನಾಟಿ ಕೂಲಿ, ಗೊಬ್ಬರ, ಔಷಧಿ, ಕಟಾವಿನ ಮಷಿನ್ ಬಾಡಿಗೆ ಎಲ್ಲ ಕಳೆಯಿರಿ. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಣ್ಣ ರೈತರ ಭತ್ತ ಮಿಲ್ಲು ಸೇರಿರುತ್ತದೆ, ಅದೂ ಕಡಿಮೆ ಬೆಲೆಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆ ವರ್ಷ ಭದ್ರಾ ನೀರಿಗಾಗಿ ನಾವು ಬೀದಿಗಿಳಿದೆವು. ಇದರ ಮೇಲೆ ಮಗಳ ಮದುವೆ, ಆಸ್ಪತ್ರೆ, ಮಗನ ಫೀಸು. ಆಗ ಕೈಗೆ ಸಿಗುವ ಆಸ್ತಿ ಗದ್ದೆ ಒಂದೇ. ಹಾಗಾಗಿ ಮಾರಬೇಡ ಎನ್ನುವ ಕಾನೂನು ನಾನು ಕೇಳುತ್ತಿಲ್ಲ. ಮಾರಲಿ, ಕೊಳ್ಳಲಿ. ಅದು ಗದ್ದೆಯಾಗಿ ಉಳಿಯಲಿ ಎಂದಷ್ಟೇ ಕೇಳುತ್ತಿದ್ದೇನೆ. ಉಳಿಸಿಕೊಂಡವನಿಗೆ ಸರ್ಕಾರ ವರ್ಷ ವರ್ಷ ಏನಾದರೂ ಕೊಡಲಿ.

ಅಡಿಕೆ ಹಾಕುವವರ ಕಥೆ ಏನು ಎಂದೂ ಕೇಳುತ್ತಾರೆ. ಚನ್ನಗಿರಿ ಕಡೆ ಭತ್ತದ ಗದ್ದೆ ಎಷ್ಟೋ ತೋಟವಾಗಿದೆ. ಅದು ಆಹಾರವಲ್ಲ, ಸರಿ. ಆದರೆ ಅಡಿಕೆ ಬೆಲೆ ಬಿದ್ದರೆ ಮರ ತೆಗೆದು ಮತ್ತೆ ನಾಟಿ ಮಾಡಬಹುದು. ಅಡಿಪಾಯ ಕಿತ್ತು ನಾಟಿ ಮಾಡಿದವರನ್ನು ನಾನು ಕಂಡಿಲ್ಲ. ಮೊದಲು ಸಿಮೆಂಟ್ ನಿಲ್ಲಿಸೋಣ, ಅಡಿಕೆಯ ಮಾತು ಆಮೇಲೆ.

ಇದೆಲ್ಲ ಆಗುವ ಕೆಲಸವಾ ಎನ್ನುವವರಿಗೆ ಪಕ್ಕದ ಕೇರಳ ಇದೆ. 2008ರಲ್ಲೇ ಅವರು ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸಲು ಕಾಯ್ದೆ ತಂದರು. ಗದ್ದೆಗಳ ಪಟ್ಟಿ ಮಾಡಿದರು. ಪಂಚಾಯಿತಿ ಮಟ್ಟದಲ್ಲಿ ಸಮಿತಿ ಮಾಡಿ ಅದರಲ್ಲಿ ರೈತರನ್ನೂ ಕೂರಿಸಿದರು. ಬೇರೆ ಜಾಗವಿಲ್ಲದ ರೈತ ಸ್ವಂತ ಮನೆ ಕಟ್ಟಲು ಹಳ್ಳಿಯಲ್ಲಿ 10 ಸೆಂಟ್, ಅಂದರೆ ನಮ್ಮ 4 ಗುಂಟೆ ತನಕ ಅವಕಾಶ ಇಟ್ಟರು. 2020ರಿಂದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಲ್ಟಿ ಕೊಡಲು ಶುರು ಮಾಡಿದರು. ಮೊತ್ತ ಚಿಕ್ಕದು, ಆದರೆ ಗದ್ದೆ ಉಳಿಸುವುದೂ ಒಂದು ಸೇವೆ ಎಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು ದೊಡ್ಡದು. ಅಲ್ಲಿಯೂ 2018ರ ತಿದ್ದುಪಡಿಯಲ್ಲಿ ಪಟ್ಟಿಗೆ ಸೇರದ ಜಮೀನನ್ನು ಶುಲ್ಕ ಕಟ್ಟಿ ಪರಿವರ್ತಿಸುವ ದಾರಿ ತೆರೆದರು. ಪಟ್ಟಿಯಿಂದ ಜಮೀನು ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಅದು ನಮಗೆ ಪಾಠ. ತಮಿಳುನಾಡು 2020ರಲ್ಲಿ ಕಾವೇರಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಎಂದು ಕಾನೂನು ಮಾಡಿತು. ಅದು ತೈಲ, ಅನಿಲ ತೆಗೆಯುವಂಥ ಉದ್ಯಮಗಳನ್ನು ತಡೆಯುತ್ತದೆ, ಲೇಔಟ್‌ಗೆ ಅದು ಉತ್ತರವಲ್ಲ.

ನಮ್ಮ ಹಾಗೆ ಅನ್ನ ಉಣ್ಣುವ ಇಂಡೋನೇಷ್ಯಾದಲ್ಲಿ ಇನ್ನೂ ಗಟ್ಟಿ ಕಾನೂನು ಇದೆ. 2009ರ 41ನೇ ಕಾನೂನು. ಆಹಾರ ಬೆಳೆಯುವ ಭೂಮಿಯನ್ನು ಗುರುತಿಸಿ, ಅದನ್ನು ಬೇರೆಯದಕ್ಕೆ ಬಳಸಬಾರದು ಎಂದು ಹೇಳುತ್ತದೆ. ಸಾರ್ವಜನಿಕ ಉದ್ದೇಶಕ್ಕೆ ತೆಗೆದುಕೊಳ್ಳಲೇಬೇಕಾದರೆ ಬದಲಿ ಭೂಮಿ ಕೊಡಬೇಕು. ಅದೂ ನೀರಾವರಿ ಗದ್ದೆಯಾದರೆ ಕನಿಷ್ಠ ಮೂರು ಪಟ್ಟು. ಉಳಿಸಿಕೊಂಡ ರೈತರಿಗೆ ತೆರಿಗೆ ರಿಯಾಯಿತಿಯಂಥ ಪ್ರೋತ್ಸಾಹ ಇದೆ. ನಿಯಮ ಮೀರಿ ಅನುಮತಿ ಕೊಟ್ಟ ಅಧಿಕಾರಿಗೆ ಜೈಲು ಶಿಕ್ಷೆಯೂ ಇದೆ. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೆ ಸಹಿ ಹಾಕುವ ಕೈಗೂ ಹೊಣೆ ಇರಬೇಕು ಎನ್ನುವ ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು.

ಭೂಮಿ, ಕೃಷಿ ಎರಡೂ ಸಂವಿಧಾನದ 7ನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯಲ್ಲಿವೆ. ದೆಹಲಿಯ ಕಡೆ ಬೆರಳು ತೋರಿಸಬೇಕಾಗಿಲ್ಲ. ಹಾಗಾಗಿ ತಮ್ಮಲ್ಲಿ ನೇರವಾಗಿ ಕೇಳುತ್ತೇನೆ.

ಭದ್ರಾ ಅಚ್ಚುಕಟ್ಟು, ಸೂಳೆಕೆರೆ ಅಚ್ಚುಕಟ್ಟು, ಇಂಥ ಎಲ್ಲ ನೀರಾವರಿ ಬಯಲುಗಳನ್ನು ಸಂರಕ್ಷಿತ ಆಹಾರ ಭೂಮಿ ಎಂದು ಘೋಷಿಸುವ ಕಾನೂನು ತನ್ನಿ. ಸರ್ವೆ ನಂಬರ್ ಲೆಕ್ಕದಲ್ಲಿ ಬೇಡ, ತೂಬಿನ ಲೆಕ್ಕದಲ್ಲಿ ಘೋಷಿಸಿ. ಇದಕ್ಕೆ ಹೊಸದಾಗಿ ಸರ್ವೆ ಶುರು ಮಾಡಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ತರಿ (ನೀರಾವರಿ), ಖುಷ್ಕಿ (ಮಳೆಯಾಶ್ರಿತ), ಬಾಗಾಯ್ತು (ತೋಟ) ಎಂದು ತಮ್ಮ ಇಲಾಖೆಯ ದಾಖಲೆಯಲ್ಲೇ ಇದೆ. ಯಾವ ತೂಬಿಗೆ ಯಾವ ಜಮೀನು ಎಂಬುದು ನೀರಾವರಿ ಇಲಾಖೆಯಲ್ಲಿದೆ. ಎರಡನ್ನೂ ಜೋಡಿಸಿ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ಪಹಣಿಯಲ್ಲೇ ನಮೂದು ಮಾಡಿ. ಆಗ ಕೊಳ್ಳುವವನಿಗೂ ಮೊದಲೇ ಗೊತ್ತಿರುತ್ತದೆ. ಬ್ರೋಕರ್‌ನ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ.

ಆ ಪಟ್ಟಿಯ ಜಮೀನಿಗೆ ಅಫಿಡವಿಟ್ ಮೇಲಿನ ಅನುಮತಿ, ಅವಧಿ ಮುಗಿದರೆ ತಾನಾಗಿ ಸಿಗುವ ಅನುಮತಿ ಯಾವುದೂ ಇರಬಾರದು. ಆಸ್ಪತ್ರೆ, ಶಾಲೆ, ರಸ್ತೆಯಂಥ ಅಗತ್ಯಕ್ಕೆ ಪರಿವರ್ತನೆ ಬೇಕೇ ಬೇಕು ಎಂದಾದರೆ ಅದೇ ತೂಬಿನ ಕೆಳಗಿನ ಎಲ್ಲ ರೈತರಿಗೂ ನೋಟಿಸ್ ಕೊಟ್ಟು ಕೇಳಿ. ಹೊಲಗಾಲುವೆ, ಬಸಿಗಾಲುವೆಗೆ ಬದಲಿ ದಾರಿ ಮಾಡಿ ತೋರಿಸಿದ ಮೇಲೆಯೇ ಮಣ್ಣು ಹೊಡೆಯಲು ಬಿಡಿ. ರೈತರು ಸ್ವಂತಕ್ಕೆ ಮನೆ, ಕಣ, ಕೊಟ್ಟಿಗೆ ಕಟ್ಟಿಕೊಳ್ಳಲು ಅವಕಾಶ ಇರಲಿ. ಗದ್ದೆ ಉಳಿಸಿಕೊಂಡವರಿಗೆ ಎಕರೆ ಲೆಕ್ಕದಲ್ಲಿ ವಾರ್ಷಿಕ ಸಹಾಯಧನ ಕೊಡಿ. ಅದಕ್ಕೆ ದುಡ್ಡು ಎಲ್ಲಿಂದ ಎಂದರೆ, ಭೂಪರಿವರ್ತನೆ ಶುಲ್ಕದಿಂದಲೇ. ಊರು ಬೆಳೆಯಬಾರದು ಎಂದು ನಾವು ಹೇಳುತ್ತಿಲ್ಲ. ದಾವಣಗೆರೆಗೆ ಮನೆಗಳು ಬೇಕು. ನಗರದ ಮಾಸ್ಟರ್ ಪ್ಲಾನ್ ಖುಷ್ಕಿ ಭೂಮಿಯ ಕಡೆ ತಿರುಗಲಿ. ಅದಕ್ಕೂ ಮೊದಲು, ಕಲ್ಲು ನೆಟ್ಟು ಖಾಲಿ ಬಿಟ್ಟಿರುವ ಸೈಟುಗಳು ತುಂಬಲಿ.

ಕಾನೂನಿಗೆ ಸದನ ಬೇಕು, ಸಮಯ ಬೇಕು, ನಮಗೂ ತಿಳಿಯುತ್ತದೆ. ಅಲ್ಲಿಯ ತನಕ ಒಂದು ಸುತ್ತೋಲೆ ಸಾಕು. ಅಚ್ಚುಕಟ್ಟು ಪ್ರದೇಶದ ಭೂಪರಿವರ್ತನೆ ಅರ್ಜಿ ಬಂದರೆ ನೀರಾವರಿ ಇಲಾಖೆ ಮತ್ತು ಕೃಷಿ ಇಲಾಖೆಯವರು ಸ್ಥಳಕ್ಕೆ ಹೋಗಿ, ಕೆಳಗಿನ ರೈತರ ಎದುರೇ ವರದಿ ಬರೆಯಬೇಕು, ಅದಿಲ್ಲದೆ ಅರ್ಜಿ ಮುಂದೆ ಹೋಗಬಾರದು ಎಂದು ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಈಗಾಗಲೇ ಮುಚ್ಚಿರುವ ಹೊಲಗಾಲುವೆಗಳನ್ನು ಬರುವ ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡುವ ಮೊದಲು ತೆರೆಸಿ. ಆ ಸುತ್ತೋಲೆಯ ಪ್ರತಿಯನ್ನು ಎಲ್ಲ ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಈ ಪತ್ರಕ್ಕೆ ತಮ್ಮ ಉತ್ತರ ಒಪ್ಪಿಗೆಯಾದರೂ ಸರಿ, ಅಲ್ಲವಾದರೂ ಸರಿ, ಅದನ್ನೂ ಬಹಿರಂಗವಾಗಿಯೇ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಭದ್ರಾ ನಾಲೆಯ ಕೊನೆ ಭಾಗದ ಒಬ್ಬ ಭತ್ತದ ರೈತ,
ದಾವಣಗೆರೆ ತಾಲ್ಲೂಕು.